ಮೊದಲು ನೀರು, ಆಮೇಲೆ ಫಿಲ್ಟರ್

"ಸಂಪಿಗೆ ಯಾವ್ ನೀರು ಬೀಳತ್ತೆ ಸಾರ್? ಕಾವೇರೀನಾ, ಬೋರಾ, ಟ್ಯಾಂಕರಾ?"

ಬೆಂಗಳೂರಿನಲ್ಲಿ ಕೆಲಸ ಬಲ್ಲ ಫಿಲ್ಟರ್ ಮೆಕ್ಯಾನಿಕ್ ಮನೆಯೊಳಗೆ ಕಾಲಿಟ್ಟ ಮೇಲೆ ಕೇಳುವ ಮೊದಲ ಪ್ರಶ್ನೆ ಇದು. ಅಷ್ಟರಲ್ಲಿ ಮನೆಯವರು "ಯಾವ ಕಂಪನಿದು ಒಳ್ಳೇದು?" ಎಂದು ಎರಡು ಸಲ ಕೇಳಿಯಾಗಿರುತ್ತದೆ. ಆತ ಅದಕ್ಕೆ ಉತ್ತರ ಹೇಳುವ ಆತುರ ತೋರುವುದಿಲ್ಲ. ಅಡುಗೆಮನೆಯ ನಲ್ಲಿಯ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬಿಳಿ ಪೊರೆ ಕಟ್ಟಿದೆಯೇ ಎಂದು ನೋಡುತ್ತಾನೆ. ಗೀಸರಿನ ಕಾಯಿಲ್ ಎಷ್ಟು ವರ್ಷಕ್ಕೊಮ್ಮೆ ಹೋಗುತ್ತದೆ, ತೊಗರಿಬೇಳೆ ಎಷ್ಟು ವಿಷಲ್‌ಗೆ ಬೇಯುತ್ತದೆ, ರಾತ್ರಿ ತುಂಬಿಟ್ಟ ಬಕೆಟ್ಟಿನ ತಳ ಬೆಳಿಗ್ಗೆ ಕೆಂಪಗಾಗಿರುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ಈ ವಿಚಾರಣೆಯೇ ಈ ಕಸುಬಿನ ಮುಕ್ಕಾಲು ಪಾಲು ಎಂಬುದು ನನ್ನ ನಂಬಿಕೆ. ಗೋಡೆಗೆ ಡಬ್ಬಿ ನೇತುಹಾಕುವುದು ಯಾರಿಗಾದರೂ ಬರುತ್ತದೆ.

ಅವನ ಒಂದೊಂದು ಪ್ರಶ್ನೆಯ ಹಿಂದೆಯೂ ರಸಾಯನಶಾಸ್ತ್ರ ಇದೆ. ನಲ್ಲಿಗೆ ಪೊರೆ ಕಟ್ಟಿದೆ ಎಂದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇದೆ, ಅದು ಗಡಸು ನೀರು. ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಸೇರಿಕೊಂಡರೆ ಅದು ಬಿಗಿಯಾಗುತ್ತದೆ, ಬೇಳೆ ಮೆತ್ತಗಾಗಲು ತಡವಾಗುತ್ತದೆ. ಹಳ್ಳಿಗಳಲ್ಲಿ ಒಂದು ಬಾವಿಯ ನೀರು ಅಡುಗೆಗೆ, ಇನ್ನೊಂದರದ್ದು ಬಟ್ಟೆಗೆ, ದನಕ್ಕೆ ಎಂದು ಹೆಂಗಸರು ಬೇರೆ ಮಾಡಿಟ್ಟುಕೊಂಡಿದ್ದು ಈ ಲೆಕ್ಕದ ಮೇಲೆಯೇ. ಕೆಂಪಾದ ಬಕೆಟ್ಟು ಕಬ್ಬಿಣದ ಗುರುತು. ನೆಲದಡಿಯಲ್ಲಿ ಗಾಳಿ ಸೋಕದೆ ಕರಗಿಕೊಂಡಿದ್ದ ಕಬ್ಬಿಣ, ಮೇಲೆ ಬಂದು ಗಾಳಿಯ ಜೊತೆ ಸೇರಿದಾಗ ತುಕ್ಕಾಗಿ ತಳಕ್ಕಿಳಿಯುತ್ತದೆ. ಬೋರಿನಿಂದ ಬರುವಾಗ ಕನ್ನಡಿಯಷ್ಟು ತಿಳಿಯಾಗಿದ್ದ ನೀರು ಒಂದೆರಡು ಗಂಟೆಯಲ್ಲಿ ಬಣ್ಣಕ್ಕೆ ತಿರುಗುವುದು ಹೀಗೆ.

ಕಣ್ಣಿಗೆ, ನಾಲಿಗೆಗೆ ಸಿಗುವುದು ಇಷ್ಟು. ಸಿಗದೆ ಇರುವುದು ಹೆಚ್ಚು ಅಪಾಯದ್ದು. ಫ್ಲೋರೈಡ್, ನೈಟ್ರೇಟ್, ಯುರೇನಿಯಂ, ಕಾಯಿಲೆ ತರುವ ಬ್ಯಾಕ್ಟೀರಿಯಾ ಯಾವುದಕ್ಕೂ ಬಣ್ಣವಿಲ್ಲ, ರುಚಿಯಿಲ್ಲ.

ಕರ್ನಾಟಕದಲ್ಲಿ ನೀರು ಊರಿಂದೂರಿಗೆ ಎಷ್ಟು ಬದಲಾಗುತ್ತದೆ ಎಂದರೆ ಒಬ್ಬರ ಮನೆಯ ಫಿಲ್ಟರ್ ಇನ್ನೊಬ್ಬರಿಗೆ ಮಾದರಿಯಾಗುವುದೇ ಇಲ್ಲ. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಏರಿ ಬರುತ್ತದೆ. ನದಿಯ ನೀರಾದ್ದರಿಂದ ಅದರಲ್ಲಿ ಕರಗಿದ ಲವಣ ಕಡಿಮೆ. ಹೊರಡುವಾಗ ಅದಕ್ಕೇನೂ ದೋಷವಿಲ್ಲ. ತೊಂದರೆ ದಾರಿಯಲ್ಲಿ ಮತ್ತು ನಮ್ಮ ಮನೆಯಲ್ಲಿ. ದಿನ ಬಿಟ್ಟು ದಿನ ನೀರು ಬಿಡುವ ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಇಳಿಯುತ್ತದೆ. ಪಕ್ಕದ ಚರಂಡಿಯ ನೀರನ್ನು ಅದು ಬಿರುಕಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ವರ್ಷಗಟ್ಟಲೆ ತೊಳೆಯದ ಸಂಪು, ಮುಚ್ಚಳ ಸರಿಯಾಗಿ ಕೂರದ ಓವರ್‌ಹೆಡ್ ಟ್ಯಾಂಕು. ಅಂದರೆ ಈ ನೀರಿಗೆ ಬೇಕಾದ್ದು ಕ್ರಿಮಿಯನ್ನು ಕೊಲ್ಲುವ ಏರ್ಪಾಡು. ಉಪ್ಪು ತೆಗೆಯುವ ಯಂತ್ರ, ಅಂದರೆ ಆರ್‌ಒ, ಬೇಡ.

ಪಾವಗಡದ ಬೋರಿನದು ಪೂರ್ತಿ ಬೇರೆ ಕಥೆ. ಗಟ್ಟಿ ಬಂಡೆಯೊಳಗೆ ಬಹುಕಾಲ ನಿಂತ ಆ ನೀರಿನಲ್ಲಿ ಕ್ರಿಮಿ ಇರಲಿಕ್ಕಿಲ್ಲ, ಆದರೆ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಲ್ಲಿ ಬಗ್ಗದ ಬೆನ್ನು, ನೋಯುವ ಕೀಲು ಅದರ ಕೊಡುಗೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಕೊಪ್ಪಳ, ರಾಯಚೂರಿನ ಹಲವು ಊರುಗಳದ್ದೂ ಇದೇ ಪಾಡು. ಪೂರ್ವದ ಗ್ರಾನೈಟ್ ಸೀಮೆಯ ಆಳದ ಬೋರುಗಳಲ್ಲಿ ಯುರೇನಿಯಂ ಕೂಡ ಸಿಕ್ಕಿದೆ. ಇಲ್ಲಿ ನೀರು ಕುದಿಸಿ ಕುಡಿಯಿರಿ ಎಂದು ಹೇಳುವುದು ತಪ್ಪು ಸಲಹೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಘಟ್ಟದ ಕೆಳಗೆ ಇಳಿದರೆ ಮತ್ತೆ ಎಲ್ಲ ತಲೆಕೆಳಗು. ಉಡುಪಿ, ದಕ್ಷಿಣ ಕನ್ನಡದ ಮುರಕಲ್ಲಿನ ತೆರೆದ ಬಾವಿಗಳಲ್ಲಿ ಲವಣ ತೀರಾ ಕಡಿಮೆ. ಮಳೆಗಾಲದಲ್ಲಿ ಅಂಗಳದ ಕೊಳೆಯೆಲ್ಲ ಇಳಿದು ಬ್ಯಾಕ್ಟೀರಿಯಾ ಏರುವುದೇ ಅಲ್ಲಿನ ದೊಡ್ಡ ಚಿಂತೆ. ಅಂಥ ಮನೆಗೆ ಆರ್‌ಒ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಪ್ರಯೋಗಾಲಯಕ್ಕೆ ಹೋಗಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ಬರುವ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರು ತಂದ ನೀರನ್ನೂ ಅಲ್ಪ ಶುಲ್ಕಕ್ಕೆ ಪರೀಕ್ಷಿಸಿ ಕೊಡುತ್ತವೆ. ಮಾದರಿ ಹಿಡಿಯುವುದರಲ್ಲೂ ಒಂದು ಶಿಸ್ತಿದೆ. ನಲ್ಲಿಯನ್ನು ನಾಲ್ಕೈದು ನಿಮಿಷ ಹರಿಯಬಿಟ್ಟು ಹಿಡಿಯಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ, ಕ್ರಿಮಿರಹಿತ ಮಾಡಿದ ಬಾಟಲಿಯಲ್ಲೇ ತುಂಬಬೇಕು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಜಾಣರು ಎರಡು ಬಾಟಲಿ ಒಯ್ಯುತ್ತಾರೆ. ಒಂದು ಬೋರಿನ ಅಥವಾ ಕಾವೇರಿ ಪೈಪಿನ ಬಾಯಿಂದ, ಇನ್ನೊಂದು ಅಡುಗೆಮನೆಯ ನಲ್ಲಿಯಿಂದ. ಮೊದಲನೆಯದು ಶುದ್ಧ, ಎರಡನೆಯದು ಕೊಳಕು ಎಂದು ವರದಿ ಬಂದರೆ ನಿಮಗೆ ಬೇಕಾಗಿರುವುದು ಸಂಪು ತೊಳೆಯುವವರು.

ವರದಿ ಕೈಗೆ ಬಂದ ಮೇಲೆ ನೋಡಬೇಕಾದ ಅಂಕಿಗಳು ಹೆಚ್ಚಿಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಕರಗಿದ ಘನಗಳು, ಅಂದರೆ ಎಲ್ಲರ ಬಾಯಲ್ಲಿರುವ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 2,000ದವರೆಗೂ ನಡೆಯುತ್ತದೆ. ಗಡಸುತನ 200, ಮಿತಿ 600. ಫ್ಲೋರೈಡ್ 1, ಮಿತಿ 1.5. ನೈಟ್ರೇಟ್ 45, ಅದರ ಮೇಲೆ ರಿಯಾಯಿತಿ ಇಲ್ಲ. ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು.

ಪ್ರಯೋಗಾಲಯ ದೂರವಿದ್ದವರಿಗೆ ಒಂದು ಪುಟ್ಟ ಬಾಟಲಿ ಇದೆ. 1982ರಲ್ಲಿ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಅದು. ಒಳಗೆ ಔಷಧದಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಅಲಮಾರಿನ ಮೂಲೆಯಲ್ಲಿ ಒಂದೆರಡು ದಿನ ಇಟ್ಟರಾಯಿತು. ನೀರಿನಲ್ಲಿ ಮಲದಿಂದ ಬಂದ ಬ್ಯಾಕ್ಟೀರಿಯಾ ಇದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಕಾಗದದ ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ. ಕರೆಂಟಿಲ್ಲ, ಸೂಕ್ಷ್ಮದರ್ಶಕವಿಲ್ಲ, ಓದು ಬಾರದವರೂ ಉತ್ತರ ತಿಳಿದುಕೊಳ್ಳಬಹುದು. ಮೊದಲೇ ಕೊಳೆತ ಮೊಟ್ಟೆಯ ವಾಸನೆ ಬರುವ ಬೋರಿನ ನೀರಿಗೆ ಮಾತ್ರ ಇದನ್ನು ನಂಬುವಂತಿಲ್ಲ. ಅದರಲ್ಲಿ ಸಲ್ಫೈಡ್ ಆಗಲೇ ಇರುತ್ತದೆ.

ಇದಕ್ಕೆ ಪಕ್ಕಾ ವಿರುದ್ಧವಾದ ಇನ್ನೊಂದು ಪರೀಕ್ಷೆಯನ್ನು ಮನೆ ಬಾಗಿಲಿಗೆ ಬರುವ ಮಾರಾಟಗಾರರು ಮಾಡಿ ತೋರಿಸುತ್ತಾರೆ. ಎರಡು ಗಾಜಿನ ಲೋಟ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಲೋಹದ ಕಡ್ಡಿಗಳಿರುವ ಉಪಕರಣ ಇಳಿಸಿ ಸ್ವಿಚ್ ಒತ್ತಿದರೆ ನಿಮ್ಮ ಲೋಟ ಕ್ಷಣದಲ್ಲಿ ಕಂದು ಹಸಿರಾಗಿ ಕೆಸರು ಕಟ್ಟುತ್ತದೆ, ಅವರದು ತಿಳಿಯಾಗಿಯೇ ಉಳಿಯುತ್ತದೆ. "ನೋಡಿ ಮೇಡಂ, ಮಕ್ಕಳಿಗೆ ಇದನ್ನೇ ಕುಡಿಸ್ತಿದೀರ." ಆ ಕೆಸರು ನೀರಿನದಲ್ಲ, ಕಡ್ಡಿಯದು. ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಏನೂ ಆಗುವುದಿಲ್ಲ. ಅವರ ಲೋಟಕ್ಕೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸ್ವಿಚ್ ಒತ್ತಲು ಹೇಳಿ, ಅದೂ ಕೆಸರಾಗುತ್ತದೆ. ತಾಯಂದಿರ ಭಯವನ್ನು ಹೀಗೆ ಮಾರಾಟಕ್ಕೆ ಬಳಸುವುದು ಈ ಕಸುಬಿಗೇ ಅವಮಾನ.

ಈಗ ಜರಡಿಗಳ ವಿಷಯಕ್ಕೆ ಬರೋಣ. ಒಂದೊಂದಕ್ಕೂ ಒಂದೊಂದು ಕೆಲಸ ಗೊತ್ತು, ಇನ್ನೊಂದರ ಕೆಲಸ ಗೊತ್ತಿಲ್ಲ. ಮೊದಲಿನದು ದಾರ ಸುತ್ತಿದ ಅಥವಾ ಪಾಲಿಪ್ರೊಪಿಲಿನ್ ನಾರಿನ ಸೆಡಿಮೆಂಟ್ ಕಾರ್ಟ್ರಿಜ್. ಮಣ್ಣು, ತುಕ್ಕು, ಪಾಚಿ ಹಿಡಿಯುತ್ತದೆ, ಅಷ್ಟೆ. ಬೆಲೆ ಕಡಿಮೆ, ಆದರೆ ಹಿಂದಿನ ದುಬಾರಿ ಭಾಗಗಳ ಆಯಸ್ಸು ನಿಂತಿರುವುದು ಇದರ ಮೇಲೆ.

ಅದರ ಹಿಂದೆ ಕಾರ್ಬನ್. ಒಳ್ಳೆಯ ಕಾರ್ಬನ್ ತೆಂಗಿನ ಚಿಪ್ಪಿನದು. ತಿಪಟೂರಿನ ಸುತ್ತಮುತ್ತ ಕೊಬ್ಬರಿ ತೆಗೆದ ಮೇಲೆ ಉಳಿಯುವಂಥ ಚಿಪ್ಪನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, ಆಮೇಲೆ ಅತಿ ಬಿಸಿಯಾದ ಹಬೆ ಹಾಯಿಸಿದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳು ಮೂಡುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ಅಷ್ಟು ವಿಸ್ತಾರದ ಮೈಗೆ ಕ್ಲೋರಿನ್, ಕೆಟ್ಟ ವಾಸನೆ, ಹಲವು ಕೀಟನಾಶಕಗಳು ಅಂಟಿಕೊಳ್ಳುತ್ತವೆ. ಆದರೆ ಉಪ್ಪು, ಫ್ಲೋರೈಡ್, ಗಡಸುತನ ಇದರ ಲೆಕ್ಕಕ್ಕೇ ಇಲ್ಲ. ಇನ್ನೊಂದು ಮಾತು: ಕ್ಲೋರಿನ್ ತೆಗೆದ ಮೇಲೆ ನೀರಿಗೆ ಕಾವಲು ಇರುವುದಿಲ್ಲ. ಹಳೆಯ ಕಾರ್ಬನ್ನಿನಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ. ಅದಕ್ಕೇ ಕಾರ್ಬನ್ ಒಂದೇ ಇರುವ ಫಿಲ್ಟರನ್ನು ನಂಬಬಾರದು.

ಕ್ರಿಮಿಗೆ ಮೂರು ದಾರಿ. ಅಜ್ಜಿಯ ಕಾಲದ ಸ್ಟೀಲ್ ಫಿಲ್ಟರಿನೊಳಗಿನ ಬಿಳಿ ಕ್ಯಾಂಡಲ್ ಅವುಗಳಲ್ಲಿ ಹಿರಿಯದು. ಪ್ಯಾರಿಸಿನಲ್ಲಿ ಲೂಯಿ ಪ್ಯಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್ಲ್ಯಾಂಡ್ 1884ರಲ್ಲಿ ಮಾಡಿದ ಪಿಂಗಾಣಿ ಜರಡಿಯ ವಂಶದ್ದು ಅದು. ಬ್ಯಾಕ್ಟೀರಿಯಾಗಳನ್ನು ತಡೆಯುವ ಆ ಜರಡಿಯನ್ನೂ ದಾಟಿ ಹೋಗುವ ರೋಗಕಾರಕ ಇದೆ ಎಂದು 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ತಂಬಾಕಿನ ಎಲೆಯ ರಸದಲ್ಲಿ ಕಂಡದ್ದರಿಂದಲೇ ವೈರಸ್‌ಗಳ ಜಾಡು ಸಿಕ್ಕಿತು. ಕ್ಯಾಂಡಲಿನ ಮಿತಿಯೂ ಅದೇ. ಎರಡನೆಯದು ಯುಎಫ್: ಟೊಳ್ಳು ದಾರಗಳ ಕಟ್ಟು, ರಂಧ್ರ ಸುಮಾರು 0.01 ಮೈಕ್ರಾನ್, ಬ್ಯಾಕ್ಟೀರಿಯಾ ದಾಟಲಾರದು, ಕರೆಂಟೂ ಬೇಡ. ಮೂರನೆಯದು ಯುವಿ. 254 ನ್ಯಾನೋಮೀಟರಿನ ಆಸುಪಾಸಿನ ಕಿರಣ ಕ್ರಿಮಿಯ ಡಿಎನ್‌ಎಯನ್ನೇ ಕೆಡಿಸುತ್ತದೆ, ಅದು ಮುಂದೆ ಸಂತಾನ ಬೆಳೆಸಲಾರದು. ವೈರಸ್ಸಿಗೂ, ಕ್ಲೋರಿನ್ನಿಗೆ ಬಗ್ಗದ ಕೆಲವು ಪರಾವಲಂಬಿಗಳಿಗೂ ಇದು ಸಾಕು. ಒಂದೇ ಷರತ್ತು, ನೀರು ತಿಳಿಯಾಗಿರಬೇಕು. ಕದಡಿದ ನೀರಿನಲ್ಲಿ ಮಣ್ಣಿನ ಕಣದ ನೆರಳಿಗೆ ಕ್ರಿಮಿ ಬಚಾವಾಗುತ್ತದೆ.

ಇನ್ನು ಆರ್‌ಒ. ಇದರ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು, ಯಾಕೆಂದರೆ ಇದರಷ್ಟು ಸೊಗಸಾದ ಯಂತ್ರವೂ ಇಲ್ಲ, ಇದರಷ್ಟು ದುರ್ಬಳಕೆಯಾದದ್ದೂ ಇಲ್ಲ. ಸವೆದು ಬಿಸಾಡಿದ ಒಂದು ಮೆಂಬ್ರೇನನ್ನು ಮೆಕ್ಯಾನಿಕ್ಕಿನಿಂದ ಕೇಳಿ ತಂದು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಒಂದಡಿ ಉದ್ದದ ಕೊಳವೆಯೊಳಗೆ ತೆಳು ಹಾಳೆಗಳನ್ನು ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿರುತ್ತಾರೆ. ಹಾಳೆಯ ಮೂರು ಅಂಚು ಅಂಟಿಸಿ, ನಾಲ್ಕನೆಯ ಅಂಚನ್ನು ನಡುವಿನ ತೂತುಗಳಿರುವ ನಳಿಗೆಗೆ ಸೇರಿಸಿರುತ್ತಾರೆ. ಹಾಳೆಗಳ ನಡುವೆ ನೀರು ಓಡಾಡಲು ಪ್ಲಾಸ್ಟಿಕ್ ಬಲೆ. ಪಂಪು ತಳ್ಳಿದ ನೀರು ಬಲೆಯುದ್ದಕ್ಕೂ ಹರಿಯುತ್ತ ಹೋಗುತ್ತದೆ. ಹಾಳೆಯ ಮೂಲಕ ನುಸುಳಿದಷ್ಟು ನೀರು ಸುತ್ತು ಸುತ್ತಿ ನಡುವಿನ ನಳಿಗೆಗೆ ಇಳಿಯುತ್ತದೆ, ನುಸುಳದ ಉಪ್ಪು ಉಳಿದ ನೀರಿನ ಜೊತೆ ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತದೆ. ನಿಜವಾಗಿ ಉಪ್ಪನ್ನು ತಡೆಯುವುದು ಹಾಳೆಯ ಮೇಲಿನ ಪಾಲಿಅಮೈಡ್ ಪದರ. ಅದರ ದಪ್ಪ ಒಂದು ಮೈಕ್ರಾನಿನ ಸಣ್ಣ ಭಾಗದಷ್ಟು, ಬೆರಳಿಗೆ ತಿಳಿಯುವಂಥದ್ದಲ್ಲ.

ಆ ಪದರಕ್ಕೆ ಒಂದು ಚರಿತ್ರೆ ಇದೆ. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಅದಕ್ಕೆ ಮುಂಚಿನ ಹಾಳೆಗಳು ಉಪ್ಪನ್ನು ತಡೆಯುತ್ತಿದ್ದವು, ಆದರೆ ನೀರು ಹನಿಹನಿಯಾಗಿ ಬರುತ್ತಿತ್ತು. ಇವರು ಒಂದು ಮೈ ದಟ್ಟವಾದ ತೆಳು ಚರ್ಮ, ಉಳಿದದ್ದು ಸಡಿಲ ರಂಧ್ರಗಳ ಆಸರೆ ಎನ್ನುವಂತೆ ಹಾಳೆ ಎರೆಯುವುದನ್ನು ಕಲಿತರು. ದಟ್ಟ ಮೈ ಉಪ್ಪುನೀರಿನ ಕಡೆಗೇ ಇರಬೇಕು, ತಿರುಗಿಸಿ ಇಟ್ಟರೆ ಕೆಲಸ ಕೆಡುತ್ತದೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗ ಎಂಬ ಊರಿಗೆ ಈ ತಂತ್ರದಿಂದ ಕುಡಿಯುವ ನೀರು ಸಿಕ್ಕಿತು. ಇಂದಿನ ಪಾಲಿಅಮೈಡ್ ಪದರ 1970ರ ದಶಕದಲ್ಲಿ ಜಾನ್ ಕ್ಯಾಡೊಟೆ ಅವರು ಮಾಡಿದ ಕೆಲಸದಿಂದ ಬಂದದ್ದು. ಅದಕ್ಕೆ ಕ್ಲೋರಿನ್ ಆಗದು, ಸುಟ್ಟಂತಾಗಿ ಹೋಗುತ್ತದೆ. ಆರ್‌ಒಗೆ ಮುಂಚೆ ಕಾರ್ಬನ್ ಕೂರಿಸುವುದು ರುಚಿಗಿಂತ ಹೆಚ್ಚಾಗಿ ಈ ಪದರವನ್ನು ಕಾಪಾಡಲಿಕ್ಕೆ.

ಪಾವಗಡದ ಮನೆಗೆ ಈ ಯಂತ್ರ ವರ. ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಎಲ್ಲವನ್ನೂ ಬಹುಪಾಲು ತಡೆಯುತ್ತದೆ. ಆದರೆ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸುವಂತೆ ಪರಿಸರ ಸಚಿವಾಲಯಕ್ಕೆ ಹೇಳಿದ್ದು ಇದಕ್ಕೇ. ಅಷ್ಟು ದೂರದಿಂದ, ಅಷ್ಟು ಎತ್ತರಕ್ಕೆ ಬಂದ ಕಾವೇರಿಯನ್ನು ಅಡುಗೆಮನೆಯ ಸಿಂಕಿಗೆ ಹರಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಆರ್‌ಒ ಅನಿವಾರ್ಯವಾದ ಮನೆಯಲ್ಲಿ ಚೆಲ್ಲುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಬಹುದು. ಲವಣ ಹೆಚ್ಚಿರುವುದರಿಂದ ಕುಂಡದ ಗಿಡಕ್ಕೆ ದಿನಾ ಹಾಕಬೇಡಿ. ನೀರು ಉಳಿಸುತ್ತೇನೆಂದು ಹೊರಹೋಗುವ ಕೊಳವೆಯನ್ನು ಹಿಸುಕಿ ಕಟ್ಟುವ ಮೆಕ್ಯಾನಿಕ್ಕುಗಳಿದ್ದಾರೆ. ಹಾಗೆ ಮಾಡಿದರೆ ಒಳಗೆ ಲವಣ ಗಟ್ಟಿಯಾಗಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ತಿರುಪು ಈ ಯಂತ್ರದಲ್ಲಿದೆ. ಆರ್‌ಒ ನೀರು ಸಪ್ಪೆ ಎಂದು ದೂರು ಬಂದಾಗ ಅದನ್ನು ತಿರುಗಿಸಿ "ರುಚಿ ಸರಿ ಮಾಡಿದೀನಿ" ಎನ್ನುತ್ತಾರೆ. ಟಿಡಿಎಸ್ ಕಂಟ್ರೋಲರ್ ಎಂಬ ಆ ಭಾಗ ಮಾಡುವುದಿಷ್ಟೆ: ಮೆಂಬ್ರೇನ್ ದಾಟದ ನೀರನ್ನು ಒಂದಿಷ್ಟು ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುವುದು. ಮೂಲ ನೀರಿನಲ್ಲಿ ಬರೀ ಗಡಸುತನ ಇದ್ದರೆ ಅಡ್ಡಿಯಿಲ್ಲ. ಫ್ಲೋರೈಡ್ ಇದ್ದರೆ, ಅದನ್ನು ತೆಗೆಯಲು ಕೊಂಡ ಯಂತ್ರವೇ ಅದನ್ನು ಲೋಟಕ್ಕೆ ವಾಪಸ್ ಹಾಕುತ್ತದೆ. ಫ್ಲೋರೈಡ್ ಸೀಮೆಯವರು ಈ ತಿರುಪನ್ನು ಪೂರ್ತಿ ಮುಚ್ಚಿಸಿ, ರುಚಿ ಬೇಕಿದ್ದರೆ ಕೊನೆಯಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಹಾಕಿಸಿಕೊಳ್ಳಬೇಕು.

ಕಷ್ಟದ ಲೆಕ್ಕ ಅಪಾರ್ಟ್‌ಮೆಂಟಿನದು. ಒಂದೇ ಸಂಪಿಗೆ ಸೋಮವಾರ ಕಾವೇರಿ, ಮಂಗಳವಾರ ಬೋರು, ಬೇಸಿಗೆಯಲ್ಲಿ ಎಲ್ಲಿಂದಲೋ ಬಂದ ಟ್ಯಾಂಕರು. 2024ರ ಬೇಸಿಗೆಯ ನೀರಿನ ಬರದಲ್ಲಿ ಬೆಂಗಳೂರು ಪಟ್ಟ ಪಾಡನ್ನು ನೆನೆದರೆ ಗೊತ್ತಾಗುತ್ತದೆ, ಇಂಥ ಕಟ್ಟಡದ ನಲ್ಲಿಯಲ್ಲಿ ಈ ತಿಂಗಳ ನೀರು ಮುಂದಿನ ತಿಂಗಳು ಇರುವುದಿಲ್ಲ. ಇಂಥಲ್ಲಿ ಯಾವುದಾದರೂ ಒಂದು ದಿನದ ವರದಿ ನೋಡಿ ಫಿಲ್ಟರ್ ಆರಿಸಿದರೆ ಮೋಸ ಹೋಗುತ್ತೇವೆ. ಏಪ್ರಿಲ್ ತಿಂಗಳಲ್ಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ, ಕೆಟ್ಟ ವರದಿಗೆ ತಕ್ಕಂತೆ ಆರಿಸಬೇಕು. ಅದಕ್ಕಿಂತ ಒಳ್ಳೆಯ ಉಪಾಯವೂ ಇದೆ. ಕಾವೇರಿಗೇ ಬೇರೆ ಸಂಪು, ಅಡುಗೆಮನೆಗಳಿಗೆ ಬೇರೆ ಪೈಪು. ಕಟ್ಟುವಾಗಲೇ ಇಷ್ಟು ಯೋಚಿಸಿದ ಕಟ್ಟಡದಲ್ಲಿ ಮನೆಮನೆಗೆ ಆರ್‌ಒ ಬೇಕಾಗುವುದಿಲ್ಲ, ಕಾರ್ಬನ್ನೂ ಯುವಿಯೂ ಸಾಕು. ಸ್ನಾನಕ್ಕೆ, ಬಟ್ಟೆಗೆ ಬೋರಿನ ಗಡಸು ನೀರೇ ಗತಿಯಾದರೆ ಇಡೀ ಕಟ್ಟಡಕ್ಕೆ ಒಂದು ಸಾಫ್ಟ್‌ನರ್ ಹಾಕಬಹುದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವ ಯಂತ್ರ, ಕುಡಿಯಲು ಅಲ್ಲ.

ಕೊಂಡ ಮೇಲಿನ ಉಪಚಾರದಲ್ಲಿ ನಾವು ಸೋಲುವುದು ಹೆಚ್ಚು. ಸೆಡಿಮೆಂಟ್ ಕಾರ್ಟ್ರಿಜ್ ಮೂರರಿಂದ ಆರು ತಿಂಗಳು, ಕಾರ್ಬನ್ ಆರು ತಿಂಗಳಿಂದ ವರ್ಷ, ಯುವಿ ದೀಪ ವರ್ಷಕ್ಕೊಮ್ಮೆ. ದೀಪ ನೀಲಿಯಾಗಿ ಉರಿಯುತ್ತಿದ್ದರೂ ಬದಲಾಯಿಸಬೇಕು, ಏಕೆಂದರೆ ಕ್ರಿಮಿ ಕೊಲ್ಲುವ ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕಾಣುವ ಬೆಳಕಿಗಿಂತ ಮೊದಲೇ ಅದು ಬಡವಾಗಿರುತ್ತದೆ. ಒಳ್ಳೆಯ ಮೆಕ್ಯಾನಿಕ್ ಪ್ರತಿ ಕಾರ್ಟ್ರಿಜ್ ಮೇಲೆ ಮಾರ್ಕರ್ ಪೆನ್ನಿನಿಂದ ಹಾಕಿದ ದಿನಾಂಕ ಬರೆಯುತ್ತಾನೆ, ಹಳೆಯದನ್ನು ನಿಮ್ಮ ಎದುರೇ ಬಿಚ್ಚಿ ತೋರಿಸುತ್ತಾನೆ. ಅಂಥವನು ಸಿಕ್ಕರೆ ಅವನ ನಂಬರ್ ಜೋಪಾನ ಮಾಡಿ.

ಮೆಂಬ್ರೇನಿಗೆ ಮಾತ್ರ ತಾರೀಖು ನಂಬಬೇಕಿಲ್ಲ, ಅಳೆಯಬಹುದು. ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರಿನ ಸರಿಯಾದ ಉಪಯೋಗ ಇದೇ. ಅದು ನೀರಿನ ವಿದ್ಯುತ್ ವಾಹಕತೆ ಅಳೆದು ಲವಣದ ಅಂದಾಜು ಕೊಡುತ್ತದೆ, ಕ್ರಿಮಿಯ ಬಗ್ಗೆ ಏನೂ ಹೇಳದು. ಹೊಸ ಮೆಂಬ್ರೇನ್ ಕೂರಿಸಿದ ದಿನ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ಅಳೆದು ಫಿಲ್ಟರಿನ ಪಕ್ಕದಲ್ಲೇ ಬರೆದಿಡಿ. 900 ಒಳಗೆ ಹೋಗಿ 70 ಹೊರಗೆ ಬರುತ್ತಿತ್ತು ಎಂದುಕೊಳ್ಳಿ. ಆಗಾಗ ಅಳೆಯುತ್ತಾ ಹೋಗಿ. ಹೊರಗಿನದು ಏರುತ್ತ 200 ದಾಟಿತೆಂದರೆ ಮೊದಲು ಕಂಟ್ರೋಲರಿನ ತಿರುಪನ್ನು ಯಾರಾದರೂ ತಿರುಗಿಸಿದ್ದಾರೆಯೇ ನೋಡಿ. ಆಮೇಲೆ ಸೆಡಿಮೆಂಟ್ ಕಾರ್ಟ್ರಿಜ್ ಕಟ್ಟಿಕೊಂಡು ಪಂಪಿನ ಒತ್ತಡ ಇಳಿದಿದೆಯೇ ಪರೀಕ್ಷಿಸಲು ಹೇಳಿ, ಒತ್ತಡ ಕಡಿಮೆಯಾದರೂ ಉಪ್ಪು ಹೆಚ್ಚು ದಾಟುತ್ತದೆ. ಎರಡೂ ಸರಿಯಿದ್ದರೆ ಮಾತ್ರ ಮೆಂಬ್ರೇನ್ ಬದಲಾಯಿಸಿ.